ಇಂಗ್ಲೆಂಡಿನಲ್ಲಿ ಸೊಂಟದ ಕೀಲು ಬದಲಿಸಿಕೊಳ್ಳುವವರಿಗೆ: 10ಎ* ಅಂದ್ರೆ ಹತ್ತೇ ವರ್ಷ ಅಲ್ಲ

ಹಿಪ್ ರಿಪ್ಲೇಸ್‌ಮೆಂಟ್ ಅಂದ ಕೂಡಲೇ ನಮ್ಮವರು ಕೇಳುವುದು, "ಯಾವ ಕಂಪನಿಯದು ಹಾಕ್ತೀರಿ ಡಾಕ್ಟ್ರೇ?" ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಇಂಪ್ಲಾಂಟ್ (ಒಳಗೆ ಹಾಕುವ ಕೃತಕ ಕೀಲು) ಆರಿಸುವವರು ಸರ್ಜನ್. ಹಾಗಾಗಿ ಕಂಪನಿ ಹೆಸರು ತಿಳಿದು ಜಾಸ್ತಿ ಉಪಯೋಗ ಇಲ್ಲ. "ಒಡೆಪ್ ರೇಟಿಂಗ್ ಎಷ್ಟು?" ಅಂತ ಕೇಳಿ.

ಒಡೆಪ್ ಅನ್ನುವುದು ಪರಿಣತರ ಒಂದು ಸಮಿತಿ. ಅದು ಕೊಡುವ ರೇಟಿಂಗ್ 10ಎ*, 15ಎ* ಅಂತೆಲ್ಲ ಇರುತ್ತದೆ. ಅಂಕಿ ಎಂದರೆ ಎಷ್ಟು ವರ್ಷದ ಲೆಕ್ಕ ಸಿಕ್ಕಿದೆ ಅಂತ. ಅಕ್ಷರ ಎಂದರೆ ಆ ಲೆಕ್ಕ ಎಷ್ಟು ಗಟ್ಟಿ ಅಂತ. ಇದನ್ನು ತುಂಬಾ ಜನ ವಾರಂಟಿ ಅಂದುಕೊಂಡು ಗಾಬರಿಯಾಗುತ್ತಾರೆ: "ಅಯ್ಯೋ, ಹತ್ತೇ ವರ್ಷಾನಾ?" ಅಲ್ಲ. ಹತ್ತು ವರ್ಷದ ಪರೀಕ್ಷೆ ಚೆನ್ನಾಗಿ ಪಾಸಾಗಿದೆ ಅಂತ ಅಷ್ಟೇ. ಹತ್ತು ವರ್ಷದೊಳಗೆ ನೂರಕ್ಕೆ ಐದಕ್ಕಿಂತ ಜಾಸ್ತಿ ಜನಕ್ಕೆ ಮತ್ತೆ ಆಪರೇಷನ್ ಬೇಕಾಗಬಾರದು ಅನ್ನುವುದು 2014ರಲ್ಲಿ ಇಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಹಾಕಿದ ಗೆರೆ. ತೊಡೆಮೂಳೆಯೊಳಗೆ ಕೂರುವ ಕಾಂಡಕ್ಕೂ ಮೇಲಿನ ಬಟ್ಟಲಿಗೂ ಬೇರೆ ಬೇರೆ ರೇಟಿಂಗ್ ಇದೆ. ಎರಡನ್ನೂ ಕೇಳಿ.

ಹಾಗಾದರೆ ನಿಜಕ್ಕೂ ಎಷ್ಟು ವರ್ಷ? 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ನೂರು ಕೀಲುಗಳಲ್ಲಿ 15 ವರ್ಷಕ್ಕೆ ಸುಮಾರು 89, 20ಕ್ಕೆ 70, 25ಕ್ಕೆ 58 ಇನ್ನೂ ಉಳಿದಿದ್ದವು. ಆದರೆ 25 ವರ್ಷ ಬಾಳಿದ್ದು ಅಂದರೆ 25 ವರ್ಷದ ಹಿಂದೆ ಹಾಕಿದ್ದು, ಅಲ್ವಾ? ಈಗ ಬಟ್ಟಲಿಗೆ ಬಳಸುವ ಪ್ಲಾಸ್ಟಿಕ್ ಅದಕ್ಕಿಂತ ಕಡಿಮೆ ಸವೆಯುತ್ತದೆ. ವಯಸ್ಸಂತೂ ದೊಡ್ಡ ವಿಷಯ. 70 ದಾಟಿ ಮಾಡಿಸಿಕೊಂಡವರಲ್ಲಿ ಜೀವಮಾನದಲ್ಲಿ ಇನ್ನೊಮ್ಮೆ ಬೇಕಾಗುವುದು ನೂರಕ್ಕೆ ಸುಮಾರು ಐವರಿಗೆ. 50ರ ಆಸುಪಾಸಿನ ಗಂಡಸರಲ್ಲಿ ಅದು ಇದಕ್ಕಿಂತ ತುಂಬಾ ಜಾಸ್ತಿ.

ಇಂಗ್ಲೆಂಡಿನಲ್ಲಿ ಇಂಥ ಲೆಕ್ಕವೆಲ್ಲ ಬರೆಯುವುದು ನ್ಯಾಷನಲ್ ಜಾಯಿಂಟ್ ರಿಜಿಸ್ಟ್ರಿ. 2003ರ ಏಪ್ರಿಲ್‌ನಿಂದ ಬರೆಯುತ್ತಿದ್ದಾರೆ. ಇಂಪ್ಲಾಂಟ್ ಡಬ್ಬಿಯ ಮೇಲಿನ ಬಾರ್‌ಕೋಡ್ ಸ್ಟಿಕ್ಕರ್‌ನಲ್ಲಿ ಮಾದರಿ, ಅಳತೆ, ಲಾಟ್ ನಂಬರ್ ಇರುತ್ತವೆ. ಆ ವಿವರವೇ ರಿಜಿಸ್ಟ್ರಿಗೆ ಹೋಗುತ್ತದೆ. ನಿಮ್ಮ ಹೆಸರು ಸೇರಿಸಲು ಒಪ್ಪಿಗೆ ಕೇಳುತ್ತಾರೆ. ಸುಮ್ನೆ ಇನ್ನೊಂದು ಫಾರ್ಮ್ ಅಂತ ಬಿಡಬೇಡಿ, ಸಹಿ ಹಾಕಿ. ಲೋಹದ ತಲೆಗೆ ಲೋಹದ ಬಟ್ಟಲು ಉಜ್ಜುವ ಕೀಲುಗಳು ಬೇಗ ಕೆಡುತ್ತಿವೆ ಅಂತ ಗೊತ್ತಾಗಿದ್ದು ಇಂಥ ರಿಜಿಸ್ಟ್ರಿಗಳಿಂದಲೇ. 2010ರಲ್ಲಿ ಅಂಥದೊಂದನ್ನು ವಾಪಸ್ ಕರೆಸಿಕೊಂಡರು. ಹೀಗಾದಾಗ ನಿಮ್ಮನ್ನು ಹುಡುಕಬೇಕಾದರೆ ಹೆಸರು ಅಲ್ಲಿರಬೇಕು. ಸ್ಕಾಟ್ಲೆಂಡಿನದು ಬೇರೆ ವ್ಯವಸ್ಥೆ.

ಭಾರತದಲ್ಲಿ ಮಾಡಿಸಿಕೊಂಡು ಬಂದವರ ಆ ಕೀಲಿನ ವಿವರ ಈ ರಿಜಿಸ್ಟ್ರಿಯಲ್ಲಿ ಇರುವುದಿಲ್ಲ. ಡಿಸ್ಚಾರ್ಜ್ ಕಾಗದದ ಜೊತೆ ಆ ಸ್ಟಿಕ್ಕರ್ ಕೇಳಿ ಪಡೆದು, ಫೋಟೋ ತೆಗೆದು ಜಿಪಿಗೆ (ನಿಮ್ಮ ಕುಟುಂಬ ವೈದ್ಯರಿಗೆ) ಕೊಡಿ. ಮುಂದೆ ರಿವಿಷನ್ (ಮತ್ತೆ ಆಪರೇಷನ್) ಮಾಡುವ ಸರ್ಜನ್ ಮೊದಲು ಕೇಳುವುದು ಒಳಗೆ ಏನಿದೆ ಅಂತ.

ಇನ್ನೊಂದು ಮಾತು: ಕೀಲು ಸಡಿಲವಾಗುತ್ತಿದ್ದರೂ ಶುರುವಿನಲ್ಲಿ ನೋವು ಇರದೇ ಇರಬಹುದು. ಫಾಲೋ-ಅಪ್ ಎಕ್ಸ್‌ರೇ ತಪ್ಪಿಸಬೇಡಿ. ಕುರ್ಚಿಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಸಂದಿಯಲ್ಲೋ ತೊಡೆಯಲ್ಲೋ ಹೊಸದಾಗಿ ನೋವು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಜಿಪಿಗೆ ಫೋನ್ ಮಾಡಿ.