ಊರಿಗೊಂದು ಬಿಯರ್: ಪ್ರಾಗ್‌ನಿಂದ ಮ್ಯೂನಿಕ್‌ವರೆಗೆ ನಾವಿಬ್ಬರು

ನಾವು ಊರುಗಳನ್ನು ಆರಿಸಿದ್ದೇ ಬಿಯರ್ ನೋಡಿ. ಯುರೋಪ್ ಟೂರ್ ಅಂದರೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಅಂತ ಬಸ್ಸಲ್ಲಿ ಓಡಿಸುತ್ತಾರಲ್ವಾ, ಅದು ಇಬ್ಬರಿಗೂ ಬೇಡ ಅನಿಸಿತ್ತು. ಮಂಗಳೂರಿನ ಬೇಸಿಗೆ ಸಂಜೆ ಕಾಣೆ ಮೀನಿನ ಫ್ರೈ ಜೊತೆ ಒಂದು ಬಿಯರ್ ಹಂಚಿಕೊಳ್ಳುವುದು ನಮ್ಮ ಮನೆಯ ರೂಢಿ. ಹಾಗಾದರೆ ಅದು ಹುಟ್ಟಿದ ಕಡೆಗೇ ಹೋಗೋಣ ಅಂದರು ಇವರು. ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಹಾರಿ, ರೈಲಲ್ಲಿ ಜೆಕ್ ದೇಶದ ಪ್ರಾಗ್, ವಾಪಸ್ ಬರುತ್ತಾ ಅದೇ ದೇಶದ ಪಿಲ್ಸೆನ್, ಆಮೇಲೆ ಜರ್ಮನಿಯ ಬ್ಯಾಂಬರ್ಗ್, ಕೊನೆಗೆ ಮತ್ತೆ ಮ್ಯೂನಿಕ್.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅರ್ಜಿಯನ್ನು ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು, ಹಾಗಾಗಿ ಹೋಟೆಲ್ ರಾತ್ರಿಗಳ ಲೆಕ್ಕ ಮೊದಲು. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಬೆರಳಚ್ಚಿಗೆ ನಾವು ಬೆಂಗಳೂರಿಗೆ ಹೋಗಿ ಬಂದೆವು. ರಾತ್ರಿ ಬಸ್ಸು, ಹಗಲು ಕೆಲಸ, ಮತ್ತೆ ರಾತ್ರಿ ಬಸ್ಸು.

ಪ್ರಾಗ್‌ನಲ್ಲಿ ನೋಡುವುದೆಲ್ಲ ಬೆಳಿಗ್ಗೆ. ಚಾರ್ಲ್ಸ್ ಸೇತುವೆಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ, ಹತ್ತು ಗಂಟೆಯ ಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳೆ ಟೌನ್ ಹಾಲಿನ ಗೋಡೆಯ 1410ರ ಗಡಿಯಾರ ಗಂಟೆ ಹೊಡೆಯುವಾಗ ಅದಕ್ಕಿಂತ ಮೊಬೈಲ್ ಎತ್ತಿ ನಿಂತ ಜನರನ್ನು ನೋಡುವುದೇ ಮಜಾ. ಮಧ್ಯಾಹ್ನದ ಊಟ ಗಟ್ಟಿ ಮಾಡಿ, ಬಿಯರ್ ಊಟದ ಜೊತೆಗೇ ಮುಗಿಸುತ್ತಿದ್ದೆವು. ಗೂಲಾಶ್ ಅಂದರೆ ದನದ ಮಾಂಸದ ಗಟ್ಟಿ ಸಾರು, ಜೊತೆಗೆ ಹಬೆಯಲ್ಲಿ ಬೇಯಿಸಿದ ಬ್ರೆಡ್ಡಿನಂಥ ತುಂಡುಗಳು. ದನ ತಿನ್ನದವರಿಗೆ ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ. ಖಾರ ಮಾತ್ರ ಕೇಳಬೇಡಿ ಮಾರಾಯ್ರೆ. ಉ ಫ್ಲೆಕು ಅನ್ನುವ ಜಾಗದ ಇತಿಹಾಸ 1499ರಿಂದ ಶುರು. ಅಲ್ಲೇ ಮಾಡುವ ಕಪ್ಪು ಲಾಗರ್ (ಥಂಡಿಯಲ್ಲಿ ನಿಧಾನ ಹುದುಗಿಸಿದ ಬಿಯರ್) ನನಗೆ ಇಡೀ ಪ್ರವಾಸದಲ್ಲೇ ಹೆಚ್ಚು ಹಿಡಿಸಿತು. ಲೋಟ ಖಾಲಿ ಆದರೆ ಕೇಳದೇ ಇನ್ನೊಂದು ತಂದಿಟ್ಟು ಚೀಟಿಯಲ್ಲಿ ಗೀಟು ಹಾಕುತ್ತಾರೆ, ಸಾಕು ಅಂತ ನೀವೇ ಹೇಳಬೇಕು. ಮೇಲೆ ಮೂರು ಬೆರಳು ನೊರೆ ನೋಡಿ ಇವರು ಮುಖ ಸಿಂಡರಿಸಿದರು. ಆದರೆ ಜೆಕ್‌ನವರಿಗೆ ನೊರೆ ಮೋಸ ಅಲ್ಲ; ಅದು ಬಿಯರಿಗೆ ಗಾಳಿ ತಾಗದಂತೆ ಮುಚ್ಚಳದ ಕೆಲಸ ಮಾಡುತ್ತದೆ.

ಪಿಲ್ಸೆನ್‌ಗೆ ಪ್ರಾಗ್‌ನಿಂದ ಸುಮಾರು ಒಂದೂವರೆ ಗಂಟೆ. ಈ ಊರನ್ನು ಬಿಡಲೇಬೇಡಿ. 1838ರಲ್ಲಿ ಇಲ್ಲಿನ ಜನ ಬಿಯರ್ ಕೆಟ್ಟದಾಗಿದೆ ಅಂತ ಸಿಟ್ಟಾಗಿ ಪೀಪಾಯಿಗಟ್ಟಲೆ ಬಿಯರನ್ನು ಟೌನ್ ಹಾಲ್ ಮುಂದೆ ಚೆಲ್ಲಿದರಂತೆ. ಆಮೇಲೆ ಊರವರೇ ಸೇರಿ ಕಾರ್ಖಾನೆ ಕಟ್ಟಿ, ಪಕ್ಕದ ಬವೇರಿಯಾದಿಂದ (ಈಗ ಜರ್ಮನಿಯ ರಾಜ್ಯ, ಮ್ಯೂನಿಕ್ ಇರುವುದೂ ಅಲ್ಲೇ) ಜೋಸೆಫ್ ಗ್ರೋಲ್ ಅನ್ನುವವರನ್ನು ಕರೆಸಿದರು. ತಿಳಿ ಬಣ್ಣದ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಅಲ್ಲಿನ ಮೆದು ನೀರು, ಜಾಟೆಟ್ಸ್ ಸೀಮೆಯ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಸೇರಿ 1842ರಲ್ಲಿ ಹೊನ್ನಿನ ಬಣ್ಣದ ಬಿಯರ್ ಬಂತು. ಇವತ್ತು ನಾವು ಮಂಗಳೂರಲ್ಲಿ ಕುಡಿಯುವ ಲಾಗರ್ ಕೂಡ ಅದೇ ವಂಶದ್ದು. ಅದೇ ಕಾರ್ಖಾನೆ, ಈಗಿನ ಪಿಲ್ಸ್ನರ್ ಉರ್ಕ್ವೆಲ್‌ನ ಟೂರಿನಲ್ಲಿ ನೆಲಮಾಳಿಗೆಗೆ ಇಳಿಸಿ, ಓಕ್ ಪೀಪಾಯಿಯಿಂದ ಸೋಸದ ಬಿಯರ್ ಕೊಡುತ್ತಾರೆ. ಒಳಗೆ ಥಂಡಿ, ಸ್ವೆಟರ್ ಇರಲಿ. ಮುಂಚೆಯೇ ಬುಕ್ ಮಾಡಿ.

ಅಲ್ಲಿಂದ ಶ್ವಾಂಡಾರ್ಫ್, ನ್ಯೂರೆಂಬರ್ಗ್‌ಗಳಲ್ಲಿ ರೈಲು ಬದಲಿಸಿ ಬ್ಯಾಂಬರ್ಗ್. 1993ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಹಳೆ ಊರು. ನದಿಯ ನಡುವೆ ನಿಂತ ಹಳೆಯ ಟೌನ್ ಹಾಲ್ ಒಂದಕ್ಕೇ ಅರ್ಧ ದಿನ ಕೊಡಬಹುದು. ಇಲ್ಲಿನ ಬಿಯರ್ ಹೊಗೆಯದ್ದು: ಬೀಚ್ ಮರದ ಬೆಂಕಿಯ ಮೇಲೆ ಮಾಲ್ಟನ್ನು ಒಣಗಿಸುತ್ತಾರೆ. ಶ್ಲೆಂಕರ್ಲಾ ಅನ್ನುವ ಬಿಯರ್ ಮನೆಯಲ್ಲಿ ಮೊದಲ ಗುಟುಕಿಗೆ ಇವರು, "ಏನೇ ಇದು, ಅಜ್ಜಿ ಮನೆ ಬಚ್ಚಲೊಲೆ ಕುಡಿದ ಹಾಗುಂಟಲ್ಲ?" ಅಂದರು. ಒಂದಕ್ಕೇ ನಿಲ್ಲಿಸಿದರೆ ಇದು ಇಷ್ಟವಾಗುವುದಿಲ್ಲ. ಎರಡನೆಯ ಲೋಟದ ಹೊತ್ತಿಗೆ ನಾಲಿಗೆ ಹೊಂದಿಕೊಳ್ಳುತ್ತದೆ, ಆಗ ಖೀಮಾ ತುಂಬಿದ ಈರುಳ್ಳಿ ತರಿಸಿ.

ಮ್ಯೂನಿಕ್‌ನ ಹೋಫ್‌ಬ್ರಾಯ್‌ಹೌಸ್ ಅನ್ನುವ ದೊಡ್ಡ ಬಿಯರ್ ಹಾಲ್‌ಗೆ ಸುಮ್ನೆ ಒಮ್ಮೆ ಹೋಗಿ ಬನ್ನಿ. 1589ರಷ್ಟು ಹಳೆಯದು, ಗದ್ದಲವೂ ಅಷ್ಟೇ. ನಮಗೆ ಹಿಡಿಸಿದ್ದು ಬಿಯರ್ ಗಾರ್ಡನ್‌ಗಳು. ಚೆಸ್ಟ್‌ನಟ್ ಮರಗಳ ನೆರಳು, ಉದ್ದ ಬೆಂಚು, ಒಂದು ಲೀಟರಿನ ಲೋಟ (ಇಬ್ಬರಿಗೆ ಒಂದು ಸಾಕು). ಟೇಬಲ್ ಬಟ್ಟೆ ಹಾಸದ ಕಡೆ ಮನೆಯ ತಿಂಡಿ ತಂದು ತಿನ್ನಬಹುದು, ಬಿಯರ್ ಮಾತ್ರ ಅವರದ್ದೇ ಆಗಬೇಕು. ಹಳೆಯ ಪದ್ಧತಿ. ನಾನು ಬಾಳೆಕಾಯಿ ಚಿಪ್ಸ್ ಬಿಚ್ಚಿದೆ. ಪಕ್ಕದ ಬೆಂಚಿನ ಹಿರಿಯ ದಂಪತಿ ಒಂದೊಂದು ತೆಗೆದುಕೊಂಡು ಆಮೇಲೆ ಪೊಟ್ಟಣವನ್ನೇ ಹತ್ತಿರ ಎಳೆದುಕೊಂಡರು! ಹೊರದೇಶದಿಂದ ಮಾಂಸ, ಹಾಲಿನ ತಿಂಡಿ ಒಯ್ಯುವ ಹಾಗಿಲ್ಲ, ಅದು ನೆನಪಿರಲಿ.

ದುಡ್ಡಿನ ವಿಷಯ: ಜೆಕ್‌ನಲ್ಲಿ ಯೂರೋ ಅಲ್ಲ, ಕೊರೂನಾ. ಕಾರ್ಡ್ ಯಂತ್ರ ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ದರ ಜಾಸ್ತಿ ಹಾಕುತ್ತಾರೆ. ಬವೇರಿಯಾದ ಸಣ್ಣ ಬಿಯರ್ ಮನೆಗಳಿಗೆ ನಗದು ಇಟ್ಟುಕೊಳ್ಳಿ. ವಾಪಸ್ ಬರುವ ದಿನ ಮ್ಯೂನಿಕ್ ವಿಮಾನ ನಿಲ್ದಾಣಕ್ಕೆ ಮಾಮೂಲಿಗಿಂತ ಒಂದು ಗಂಟೆ ಮೊದಲೇ ಹೋಗಿ. ಅಲ್ಲೇ ಬಿಯರ್ ತಯಾರಿಸುವ ಏರ್‌ಬ್ರಾಯ್ ಇದೆ, ಆದರೆ ಅದು ಸೆಕ್ಯುರಿಟಿಗಿಂತ ಹೊರಗೆ, ಹಾಗಾಗಿ ಒಳಗೆ ಹೋಗುವ ಮೊದಲೇ ಮುಗಿಸಿ.