ಟೂರ್ ಡಿ ಫ್ರಾನ್ಸ್: ಮೂರು ವಾರಗಳ ಸೈಕಲ್ ಸ್ಪರ್ಧೆಯನ್ನು ಅರಿತು ನೋಡುವ ಬಗೆ

ಜುಲೈ ತಿಂಗಳಲ್ಲಿ ಮೂರು ವಾರ ನಡೆಯುವ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಮೊದಲ ಸಲ ನೋಡಲು ಕುಳಿತವರಲ್ಲಿ ಅನೇಕರು ಅರ್ಧ ಗಂಟೆ ಕಳೆಯುವುದರೊಳಗೆ ಬೇಸತ್ತು ಎದ್ದುಬಿಡುತ್ತಾರೆ. ನೂರೆಂಬತ್ತರಷ್ಟು ಸವಾರರು ಒಂದೇ ಗುಂಪಾಗಿ ಸಾಗುತ್ತಿರುತ್ತಾರೆ, ಅವರಿಗಿಂತ ನಾಲ್ಕೈದು ನಿಮಿಷ ಮುಂದೆ ಹೆಸರೇ ಕೇಳಿರದ ಮೂವರು ತುಳಿಯುತ್ತಿರುತ್ತಾರೆ, ಗೆಲ್ಲಬೇಕಾದವರು ಮಾತ್ರ ಆ ಮೂವರನ್ನು ಹಿಡಿಯುವ ಯಾವ ಆತುರವನ್ನೂ ತೋರಿಸುವುದಿಲ್ಲ. ಗೆರೆಯನ್ನು ಮೊದಲು ದಾಟಿದವರೇ ಗೆದ್ದರು ಎಂಬ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಏನೂ ದಕ್ಕುವುದಿಲ್ಲ. ಈ ಸ್ಪರ್ಧೆಯಲ್ಲಿ ಕಣ್ಣಿಡಬೇಕಾದದ್ದು ಮುಂದಿರುವ ಸವಾರನ ಮೇಲಲ್ಲ. ಇಬ್ಬರ ನಡುವಿನ ಸಮಯದ ಅಂತರದ ಮೇಲೆ ಮತ್ತು ಆ ಅಂತರವನ್ನು ಹುಟ್ಟಿಸಲು ಅಥವಾ ಅಳಿಸಲು ಯಾರು ಯಾರಿಗಾಗಿ ದುಡಿಯುತ್ತಿದ್ದಾರೆ ಎಂಬುದರ ಮೇಲೆ.

ಮೊದಲು ಚೌಕಟ್ಟನ್ನು ತಿಳಿದುಕೊಳ್ಳೋಣ. ಸ್ಪರ್ಧೆಯಲ್ಲಿ 21 ಹಂತಗಳಿರುತ್ತವೆ, ನಡುವೆ ಎರಡು ವಿಶ್ರಾಂತಿ ದಿನಗಳು ಬರುತ್ತವೆ, ಒಟ್ಟು ದೂರ ಸಾಮಾನ್ಯವಾಗಿ 3,300ರಿಂದ 3,500 ಕಿಲೋಮೀಟರುಗಳಷ್ಟಿರುತ್ತದೆ. ಪ್ರತಿ ತಂಡದಲ್ಲಿ ಎಂಟು ಸವಾರರು. 2025ರಲ್ಲಿ 23 ತಂಡಗಳ 184 ಸವಾರರು ಹೊರಟಿದ್ದರು. ಪ್ರತಿಯೊಬ್ಬರೂ ಪ್ರತಿ ಹಂತಕ್ಕೆ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ, ಯಾರ ಒಟ್ಟು ಸಮಯ ಎಲ್ಲರಿಗಿಂತ ಕಡಿಮೆಯೋ ಅವರು ಮರುದಿನ ಹಳದಿ ಜೆರ್ಸಿ ತೊಡುತ್ತಾರೆ. 1903ರಲ್ಲಿ ಈ ಸ್ಪರ್ಧೆಯನ್ನು ಆರಂಭಿಸಿದ್ದು ಹಳದಿ ಕಾಗದದ ಮೇಲೆ ಅಚ್ಚಾಗುತ್ತಿದ್ದ ‘ಲೋತೋ’ ಎಂಬ ಫ್ರೆಂಚ್ ಪತ್ರಿಕೆ. 1919ರಲ್ಲಿ ಬಂದ ಜೆರ್ಸಿಗೂ ಅದೇ ಬಣ್ಣ. ಹಂತಗಳ ಕೊನೆಯಲ್ಲಿಯೂ ದಾರಿಯ ನಡುವಿನ ಸ್ಪ್ರಿಂಟ್ ಗೆರೆಗಳಲ್ಲಿಯೂ ಹೆಚ್ಚು ಅಂಕ ಗಳಿಸಿದವರಿಗೆ ಹಸಿರು ಜೆರ್ಸಿ, ಬೆಟ್ಟದ ನೆತ್ತಿಗಳಲ್ಲಿ ಅಂಕ ಗಳಿಸಿದವರಿಗೆ ಕೆಂಪು ಚುಕ್ಕೆಗಳ ಬಿಳಿ ಜೆರ್ಸಿ, ಕಿರಿಯ ವಯಸ್ಸಿನವರಲ್ಲಿ ಮೊದಲಿಗರಾದವರಿಗೆ ಬಿಳಿ ಜೆರ್ಸಿ ಸಿಗುತ್ತದೆ. ಇಪ್ಪತ್ತೊಂದು ಹಂತಗಳಲ್ಲಿ ಒಂದನ್ನೂ ಗೆಲ್ಲದೆ ಹಳದಿ ಜೆರ್ಸಿಯನ್ನು ಮನೆಗೆ ಒಯ್ಯಲು ಸಾಧ್ಯವಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ದಿನದ ಹಂತವನ್ನು ನೋಡುವ ಮೊದಲು ಅದರ ಏರಿಳಿತದ ನಕ್ಷೆಯನ್ನು ಎರಡು ನಿಮಿಷ ಗಮನಿಸಬೇಕು. ಸಂಘಟಕರ ಅಧಿಕೃತ ಜಾಲತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ನಕ್ಷೆ ಬಹುಪಾಲು ಚಪ್ಪಟೆಯಾಗಿದ್ದರೆ ಅದು ಸ್ಪ್ರಿಂಟರುಗಳ, ಅಂದರೆ ಗುರಿಯ ಬಳಿ ಮಿಂಚಿನ ವೇಗ ತೋರುವವರ, ದಿನ, ಆಟ ಇರುವುದು ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ. ಹಂತವು ಬೆಟ್ಟದ ತುದಿಯಲ್ಲಿ ಮುಗಿಯುವುದಾದರೆ ಅದು ಹಳದಿ ಜೆರ್ಸಿಯ ಆಕಾಂಕ್ಷಿಗಳು ಒಬ್ಬರನ್ನೊಬ್ಬರು ಪರೀಕ್ಷಿಸುವ ದಿನ. ಬೆಟ್ಟಗಳನ್ನು ನಾಲ್ಕನೇ ದರ್ಜೆಯಿಂದ ಒಂದನೇ ದರ್ಜೆಯವರೆಗೆ ವಿಂಗಡಿಸಿರುತ್ತಾರೆ. ಅಂಕಿ ಇಳಿದಂತೆ ಏರು ಕಠಿಣವಾಗುತ್ತದೆ, ಎಲ್ಲಕ್ಕಿಂತ ಕಠಿಣವಾದವುಗಳನ್ನು ದರ್ಜೆಯ ಆಚೆಗೇ ಇಡುತ್ತಾರೆ. 21 ತಿರುವುಗಳ ಆಲ್ಪ್ ದ್ಯುವೆಜ್ ಅಂಥದ್ದು: 13.8 ಕಿಲೋಮೀಟರುಗಳ ಉದ್ದಕ್ಕೂ ಸರಾಸರಿ ಶೇಕಡಾ 8ಕ್ಕಿಂತ ಹೆಚ್ಚಿನ ಏರು. ಭಾರತದ ಸಮಯ ಜುಲೈನಲ್ಲಿ ಫ್ರಾನ್ಸಿಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಹೆಚ್ಚಿನ ಹಂತಗಳು ನಮ್ಮಲ್ಲಿ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಮುಗಿಯುತ್ತವೆ. ಕೆಲಸ ಮುಗಿಸಿ ಮನೆಗೆ ಬಂದವರಿಗೆ ಇದಕ್ಕಿಂತ ಅನುಕೂಲದ ವೇಳೆ ಇರಲಾರದು.

ಇನ್ನು ಗಾಳಿಯ ವಿಷಯ. ಈ ಆಟದ ಬಹುಪಾಲು ತಂತ್ರಗಳು ಹುಟ್ಟಿರುವುದು ಇಲ್ಲಿಂದಲೇ ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ತಿಳಿಯಬೇಕು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ ನಲವತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವವರ ಶಕ್ತಿಯಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಹೋಗುವವರು ಅದೇ ವೇಗಕ್ಕೆ ಸುಮಾರು ಮೂರನೇ ಒಂದು ಪಾಲಿನಷ್ಟು ಶ್ರಮವನ್ನು ಉಳಿಸಿಕೊಳ್ಳುತ್ತಾರೆ, ದೊಡ್ಡ ಗುಂಪಿನ ನಡುವೆ ಇದ್ದರೆ ಇನ್ನೂ ಹೆಚ್ಚು. ಪೆಲೋಟಾನ್ ಎಂದು ಕರೆಯುವ ಆ ಮುಖ್ಯ ಗುಂಪು ಒಡೆಯದೆ ಸಾಗುವುದಕ್ಕೂ, ಮುಂದೆ ತಪ್ಪಿಸಿಕೊಂಡು ಹೋದ ಮೂವರು ಕೊನೆಗೆ ಸಿಕ್ಕಿಬೀಳುವುದಕ್ಕೂ ಇದೇ ಕಾರಣ. ಆ ಮೂವರು ಸರದಿಯಂತೆ ಎದುರುಗಾಳಿಗೆ ಮುಖ ಒಡ್ಡಲೇಬೇಕು. ಹಿಂದಿನ ಗುಂಪಿನಲ್ಲಾದರೋ ಆ ಸರದಿ ಹಂಚಿಕೊಳ್ಳಲು ಹತ್ತಾರು ಜನರಿರುತ್ತಾರೆ. ಮುಂದೆ ಹೋದ ಮೂವರ ಒಟ್ಟು ಸಮಯ ನಾಯಕರಿಗಿಂತ ತುಂಬ ಹಿಂದಿರುವ ಕಾರಣ ಅವರು ನಾಲ್ಕು ನಿಮಿಷ ಮುಂದೆ ಹೋದರೂ ಹಳದಿ ಜೆರ್ಸಿಗೆ ಅಪಾಯವಿಲ್ಲ, ಹೀಗಾಗಿಯೇ ಅವರನ್ನು ಹೋಗಗೊಡುತ್ತಾರೆ. ಸಮತಟ್ಟು ಹಂತದಲ್ಲಿ ಪೆಲೋಟಾನ್ ಮನಸ್ಸು ಮಾಡಿದರೆ ಹತ್ತು ಕಿಲೋಮೀಟರಿಗೆ ಒಂದು ನಿಮಿಷದಂತೆ ಅಂತರವನ್ನು ಅಳಿಸಬಲ್ಲದು ಎಂಬುದು ಫ್ರೆಂಚ್ ವೀಕ್ಷಕ ವಿವರಣೆಗಾರ ರಾಬರ್ಟ್ ಶಾಪಾತ್ ಹೇಳುತ್ತಿದ್ದ ಸೂತ್ರ. ಪರದೆಯ ಮೂಲೆಯಲ್ಲಿ ಉಳಿದ ದೂರ ಮತ್ತು ಅಂತರ ಎರಡೂ ಕಾಣುತ್ತಿರುತ್ತವೆ; ಉಳಿದಿರುವುದು ಮೂವತ್ತು ಕಿಲೋಮೀಟರ್, ಅಂತರ ಎರಡೇ ನಿಮಿಷ ಎಂದಾದರೆ ಮುಂದಿರುವವರ ಆಸೆ ಬಹುಮಟ್ಟಿಗೆ ಮುಗಿದಂತೆ. ಈ ಲೆಕ್ಕವನ್ನು ತಾವೇ ಹಾಕುತ್ತಾ ನೋಡತೊಡಗಿದ ದಿನ ಚಪ್ಪಟೆ ಹಂತಗಳೂ ರುಚಿಸಲು ಆರಂಭಿಸುತ್ತವೆ.

ಗಾಳಿ ಬದಿಯಿಂದ ಬೀಸಿದರೆ ಚಿತ್ರವೇ ಬೇರೆ. ಆಗ ಗಾಳಿಯ ಮರೆ ಸಿಗುವುದು ಮುಂದಿನವರ ನೇರ ಹಿಂದೆ ಅಲ್ಲ, ಓರೆಯಾಗಿ ಪಕ್ಕಕ್ಕೆ. ಸವಾರರು ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ಟುತ್ತಾರೆ, ರಸ್ತೆಯ ಅಗಲ ಮುಗಿದ ಕಡೆ ಆ ಸಾಲಿನ ಜಾಗವೂ ಮುಗಿಯುತ್ತದೆ, ಜಾಗ ಸಿಗದವರು ಅಂಚಿನಲ್ಲಿ ಗಾಳಿಗೆ ಸಿಕ್ಕು ಒದ್ದಾಡುತ್ತಾರೆ. ವಿಜಯಪುರ, ಬಾಗಲಕೋಟೆಗಳ ಬಯಲು ರಸ್ತೆಗಳಲ್ಲಿ ಸೈಕಲ್ ತುಳಿದು ಬೆಳೆದ ನಮ್ಮ ಸವಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2013ರ ಹದಿಮೂರನೇ ಹಂತದ ನಕ್ಷೆಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ, ಆದರೆ ಸೇಂಟ್ ಅಮಾಂ ಮೊಂರೋಂ ಊರಿನ ಕಡೆಗೆ ಸಾಗುವಾಗ ಅಡ್ಡಗಾಳಿಯಲ್ಲಿ ಸ್ಪೇನಿನ ಆಲ್ಬರ್ಟೊ ಕೊಂಟಡಾರ್ ಅವರ ತಂಡ ಒಮ್ಮೆಲೇ ವೇಗ ಹೆಚ್ಚಿಸಿ ಗುಂಪನ್ನು ಒಡೆಯಿತು. ಹಳದಿ ಜೆರ್ಸಿ ತೊಟ್ಟಿದ್ದ ಬ್ರಿಟನ್ನಿನ ಕ್ರಿಸ್ ಫ್ರೂಮ್ ದೊಡ್ಡ ಬೆಟ್ಟವೊಂದೂ ಅಡ್ಡ ಬರದ ದಿನ 1 ನಿಮಿಷ 9 ಸೆಕೆಂಡುಗಳನ್ನು ಕಳೆದುಕೊಂಡರು. ಬಯಲಿನ ಹಂತದಲ್ಲಿ ದಾರಿಬದಿಯ ಬಾವುಟಗಳು ಅಡ್ಡಕ್ಕೆ ಪಟಪಟನೆ ಹಾರುವುದು ಕಂಡರೆ ಪರದೆಯ ಮುಂದಿನಿಂದ ಏಳಬಾರದು.

ಹೀಗೆ ಗಾಳಿಯಿಂದ ನಾಯಕನನ್ನು ಕಾಯುವುದಕ್ಕಾಗಿಯೇ ತಂಡವಿದೆ. ಎಂಟು ಜನರಲ್ಲಿ ಗೆಲ್ಲುವ ಆಸೆ ಇರುವುದು ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಉಳಿದವರನ್ನು ಡೊಮೆಸ್ಟಿಕ್ ಎನ್ನುತ್ತಾರೆ. ಹಂತದ ನಡುಭಾಗದಲ್ಲಿ, ಏನೂ ನಡೆಯುತ್ತಿಲ್ಲ ಎನಿಸುವ ಹೊತ್ತಿನಲ್ಲಿ, ಇವರಲ್ಲಿ ಒಬ್ಬರನ್ನು ಆರಿಸಿಕೊಂಡು ನೋಡಿ. ಆತ ಗುಂಪಿನ ಹಿಂದಕ್ಕೆ ಸರಿದು ತಂಡದ ಕಾರಿನ ಪಕ್ಕಕ್ಕೆ ಬರುತ್ತಾನೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಿಂದ ಕಿಟಕಿಯ ಮೂಲಕ ನೀರಿನ ಬಾಟಲಿಗಳನ್ನು ಪಡೆದು ಜೆರ್ಸಿಯ ಬೆನ್ನಿನೊಳಗೆ, ಕತ್ತಿನ ಹಿಂದೆ, ಜೇಬುಗಳಲ್ಲಿ ತುರುಕಿಕೊಳ್ಳುತ್ತಾನೆ. ಬೆನ್ನು ಉಬ್ಬಿಕೊಂಡು ನಿಂತಿರುವ ಹಾಗೆಯೇ ನೂರಾರು ಸವಾರರ ನಡುವಿನಿಂದ ದಾರಿ ಮಾಡಿಕೊಂಡು ಮುಂದೆ ಬಂದು ಒಬ್ಬೊಬ್ಬರಿಗೂ ಬಾಟಲಿ ಹಂಚುತ್ತಾನೆ. ನಾಯಕನ ಚಕ್ರ ಪಂಕ್ಚರ್ ಆದಾಗ ಕಾರು ದೂರವಿದ್ದರೆ ತನ್ನ ಚಕ್ರವನ್ನೋ ಇಡೀ ಸೈಕಲನ್ನೋ ಬಿಚ್ಚುಮನಸ್ಸಿನಿಂದ ಕೊಡುವವನೂ ಆತನೇ. ಬಹುಮಾನ ವೇದಿಕೆಯಲ್ಲಿ ಆತ ಕಾಣಿಸುವುದಿಲ್ಲ, ಆದರೆ ಆತನ ದುಡಿಮೆಯನ್ನು ಗುರುತಿಸಲು ಕಲಿಯದೆ ಈ ಸ್ಪರ್ಧೆ ಅರ್ಥವಾಗುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆದ್ದರಿಂದ ಬೆಟ್ಟದ ಹಂತದಲ್ಲಿ ಮಾಡಬೇಕಾದ ಮೊದಲ ಕೆಲಸ, ಪ್ರತಿಯೊಬ್ಬ ಆಕಾಂಕ್ಷಿಯ ಸುತ್ತ ಅದೇ ಜೆರ್ಸಿಯ ಎಷ್ಟು ಜನ ಉಳಿದಿದ್ದಾರೆ ಎಂದು ಎಣಿಸುವುದು. 2022ರ ಹನ್ನೊಂದನೇ ಹಂತ ಇದಕ್ಕೆ ನಾನು ಕಂಡ ಅತ್ಯುತ್ತಮ ಪಾಠ. ಅಂದು ಬೆಳಿಗ್ಗೆ ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ಹಳದಿ ಜೆರ್ಸಿಯಲ್ಲಿದ್ದರು, ಡೆನ್ಮಾರ್ಕಿನ ಯೊನಾಸ್ ವಿಂಗೆಗಾರ್ಡ್ 39 ಸೆಕೆಂಡು ಹಿಂದಿದ್ದರು. 2,642 ಮೀಟರ್ ಎತ್ತರದ ಗಾಲಿಬಿಯೇ ಕಣಿವೆಯ ದಾರಿಯಲ್ಲಿ ವಿಂಗೆಗಾರ್ಡ್ ಮತ್ತು ಅವರದೇ ತಂಡದ ಪ್ರಿಮೋಜ್ ರೊಗ್ಲಿಚ್ ಸರದಿಯ ಮೇಲೆ ವೇಗ ಹೆಚ್ಚಿಸಿ ದಾಳಿ ಮಾಡತೊಡಗಿದರು. ಒಬ್ಬರು ಮುನ್ನುಗ್ಗುತ್ತಿದ್ದರು, ಪೊಗಾಚಾರ್ ಅವರನ್ನು ಹಿಡಿಯುತ್ತಿದ್ದಂತೆ ಇನ್ನೊಬ್ಬರು ಮುನ್ನುಗ್ಗುತ್ತಿದ್ದರು. ಬೆನ್ನಟ್ಟಲು ಜೊತೆಗಾರರಿಲ್ಲದ ಪೊಗಾಚಾರ್ ಪ್ರತಿ ಸಲವೂ ತಾವೇ ಎದ್ದು ತುಳಿದು ಅಂತರ ಮುಚ್ಚಿದರು, ಗಾಲಿಬಿಯೇ ದಾಟುವ ಹೊತ್ತಿಗೆ ಅವರೇ ಬಲಶಾಲಿಯಂತೆ ಕಂಡರು. ವ್ಯಯವಾದ ಶಕ್ತಿಯ ಬೆಲೆ ತಿಳಿದದ್ದು ಕೊನೆಯ ಏರು ಗ್ರಾನೋನ್‌ನಲ್ಲಿ. ಗುರಿಗೆ ಐದು ಕಿಲೋಮೀಟರಿನಷ್ಟು ಇರುವಾಗ ವಿಂಗೆಗಾರ್ಡ್ ಮತ್ತೆ ದಾಳಿ ಮಾಡಿದರು, ಈ ಬಾರಿ ಪೊಗಾಚಾರ್ ಅವರ ಕಾಲುಗಳಲ್ಲಿ ಏನೂ ಉಳಿದಿರಲಿಲ್ಲ. ಜೆರ್ಸಿಯ ಜಿಪ್ ಪೂರ್ತಿ ತೆರೆದುಕೊಂಡು, ಭುಜ ಅಲುಗಾಡಿಸುತ್ತಾ ಅವರು ಮೇಲೆ ತಲುಪುವಾಗ 2 ನಿಮಿಷ 51 ಸೆಕೆಂಡು ತಡವಾಗಿತ್ತು. ಆ ಬೇಸಿಗೆಯ ಟೂರ್ ವಿಂಗೆಗಾರ್ಡ್ ಅವರದಾಯಿತು. ಕೊನೆಯ ಐದು ಕಿಲೋಮೀಟರ್ ಮಾತ್ರ ನೋಡಿದವರಿಗೆ ಒಬ್ಬ ಸವಾರ ಇನ್ನೊಬ್ಬನನ್ನು ಸೋಲಿಸಿದ್ದು ಕಾಣುತ್ತದೆ. ಗಾಲಿಬಿಯೇ ದಾರಿಯನ್ನೂ ನೋಡಿದವರಿಗೆ ತಂಡವೊಂದು ಗಂಟೆಗಟ್ಟಲೆ ಹೆಣೆದ ಯೋಜನೆ ಕಾಣುತ್ತದೆ. ದೊಡ್ಡ ಬೆಟ್ಟದ ಹಂತವನ್ನು ಕೊನೆಯಿಂದ ಎರಡನೆಯ ಏರಿನಿಂದಲಾದರೂ ನೋಡಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಟೈಮ್ ಟ್ರಯಲ್ ಎಂಬ ಹಂತದಲ್ಲಿ ಗುಂಪೂ ಇಲ್ಲ, ಗಾಳಿಯ ಮರೆಯೂ ಇಲ್ಲ. ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ತುಳಿಯುತ್ತಾರೆ. ದಾರಿಯಲ್ಲಿ ಎರಡು ಮೂರು ಕಡೆ ಸಮಯ ಅಳೆಯುತ್ತಾರೆ, ಅವುಗಳನ್ನು ಕಾಗದದ ಮೇಲೆ ಬರೆದುಕೊಂಡು ನೋಡಿದರೆ ಇದರಷ್ಟು ಉಸಿರು ಬಿಗಿಹಿಡಿಸುವ ಹಂತ ಬೇರೆಯಿಲ್ಲ. 1989ರ ಟೂರ್‌ನ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಇದ್ದದ್ದು 24.5 ಕಿಲೋಮೀಟರ್ ಮಾತ್ರ. ಅಮೆರಿಕದ ಗ್ರೆಗ್ ಲೆಮಾಂಡ್ ಅವರು ಫ್ರಾನ್ಸಿನ ಲೊರಾಂ ಫಿನ್ಯೋಂ ಅವರಿಗಿಂತ 50 ಸೆಕೆಂಡು ಹಿಂದಿದ್ದರು. ಲೆಮಾಂಡ್ ಅವರು ತೋಳುಗಳನ್ನು ಮುಂದಕ್ಕೆ ಚಾಚಿ ಗಾಳಿಗೆ ಕಡಿಮೆ ಮೈಯೊಡ್ಡಲು ನೆರವಾಗುವ ಹೊಸ ಬಗೆಯ ಹ್ಯಾಂಡಲ್ ಬಳಸಿ 58 ಸೆಕೆಂಡು ಬೇಗ ಮುಗಿಸಿ, ಮೂರು ವಾರಗಳ ಸ್ಪರ್ಧೆಯನ್ನು 8 ಸೆಕೆಂಡುಗಳಿಂದ ಗೆದ್ದರು.

ಕೆಲವು ನಿಯಮಗಳು ತಿಳಿದಿರದಿದ್ದರೆ ಅಂತರದ ಲೆಕ್ಕ ತಪ್ಪುತ್ತದೆ. ಒಂದೇ ಗುಂಪಿನಲ್ಲಿ ಗುರಿ ಮುಟ್ಟಿದ ಎಲ್ಲರಿಗೂ ಒಂದೇ ಸಮಯ ಸಿಗುತ್ತದೆ, ಹಾಗಾಗಿ ಸ್ಪ್ರಿಂಟಿನಲ್ಲಿ ಐವತ್ತನೆಯವರಾದ ನಾಯಕ ಏನನ್ನೂ ಕಳೆದುಕೊಂಡಿರುವುದಿಲ್ಲ. ಚಪ್ಪಟೆ ಹಂತದ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ, ಸಾಮಾನ್ಯವಾಗಿ ಮೂರರೊಳಗೆ, ಬಿದ್ದವರಿಗೆ ಅಥವಾ ಪಂಕ್ಚರ್ ಆದವರಿಗೆ ಅವರು ಆಗ ಇದ್ದ ಗುಂಪಿನ ಸಮಯವನ್ನೇ ಕೊಡುತ್ತಾರೆ. ಟೈಮ್ ಟ್ರಯಲ್ ಬಿಟ್ಟು ಉಳಿದ ಹಂತಗಳಲ್ಲಿ ಮೊದಲ ಮೂವರ ಒಟ್ಟು ಸಮಯದಿಂದ ಕ್ರಮವಾಗಿ 10, 6, 4 ಸೆಕೆಂಡುಗಳನ್ನು ಕಳೆಯುತ್ತಾರೆ.

ಕ್ಯಾಮೆರಾ ಮುಂದಿನವರನ್ನೇ ಹಿಂಬಾಲಿಸುತ್ತದೆ, ಆದರೆ ಬೆಟ್ಟದ ದಿನ ಹಿಂದುಗಡೆಯೂ ಒಂದು ಹೋರಾಟ ನಡೆದಿರುತ್ತದೆ. ಗೆದ್ದವರ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಕಟ್ಟುತ್ತಾರೆ, ಅದನ್ನು ಮೀರಿದವರು ಸ್ಪರ್ಧೆಯಿಂದಲೇ ಹೊರಬೀಳುತ್ತಾರೆ. ಮೈಕಟ್ಟು ಭಾರವಿರುವ ಸ್ಪ್ರಿಂಟರುಗಳು ಏರಿನಲ್ಲಿ ಒಟ್ಟುಗೂಡಿ ಗಡಿಯಾರ ನೋಡುತ್ತಾ ತುಳಿಯುವುದು ಇದಕ್ಕಾಗಿ. ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್ 2018ರಲ್ಲಿ ಹೀಗೆಯೇ ಹೊರಬಿದ್ದಿದ್ದರು. 2024ರಲ್ಲಿ ಫ್ಲಾರೆನ್ಸ್‌ನಿಂದ ರಿಮಿನಿಗೆ ಸಾಗಿದ ಮೊದಲ ಹಂತದಲ್ಲೇ ಬಿಸಿಲಿಗೆ ಬಸವಳಿದು, ಸೈಕಲ್ ಮೇಲೆಯೇ ವಾಂತಿ ಮಾಡಿಕೊಂಡು ಅವರು ಹಿಂದುಳಿದಾಗ ತಂಡದ ಜೊತೆಗಾರರು ತಮ್ಮ ಸಮಯವನ್ನೆಲ್ಲ ಬಿಟ್ಟುಕೊಟ್ಟು ಅವರ ಸುತ್ತ ನಿಂತು ಗಡುವಿನೊಳಗೆ ಗುರಿ ಮುಟ್ಟಿಸಿದರು. ಐದನೇ ಹಂತದಲ್ಲಿ, ಸೇಂಟ್ ವುಲ್ಬಾ ಊರಿನಲ್ಲಿ, ಕ್ಯಾವೆಂಡಿಶ್ ತಮ್ಮ 35ನೇ ಹಂತವನ್ನು ಗೆದ್ದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಅವರ 34ರ ದಾಖಲೆಯನ್ನು ಮುರಿದರು. ಮೊದಲ ದಿನ ಹಿಂದಿನ ಸಾಲನ್ನು ಗಮನಿಸಿದ್ದವರಿಗೆ ಆ ಗೆಲುವಿನ ತೂಕ ಸರಿಯಾಗಿ ತಿಳಿಯಿತು.

ಇಪ್ಪತ್ತೊಂದು ದಿನವೂ ಸಮಯ ಕೊಡಲಾಗದವರು ಮೊದಲ ವಾರದ ಒಂದು ಸ್ಪ್ರಿಂಟ್ ಹಂತ, ಒಂದು ಟೈಮ್ ಟ್ರಯಲ್, ಪಿರೆನೀಸ್ ಮತ್ತು ಆಲ್ಪ್ಸ್ ಪರ್ವತಗಳಲ್ಲಿ ತಲಾ ಒಂದು ದೊಡ್ಡ ಹಂತ ಇಷ್ಟನ್ನು ಆರಿಸಿಕೊಳ್ಳಬಹುದು. ಉಳಿದ ದಿನಗಳಲ್ಲಿ ರಾತ್ರಿ ಅಂತರದ ಪಟ್ಟಿಯನ್ನು ಒಮ್ಮೆ ನೋಡಿದರೂ ಕೊಂಡಿ ತಪ್ಪುವುದಿಲ್ಲ. ಅಷ್ಟಕ್ಕೂ ಬಿಡುವಿಲ್ಲದಿದ್ದರೆ 2022ರಿಂದ ನಡೆಯುತ್ತಿರುವ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನಿಂದ ಆರಂಭಿಸುವುದೇ ಮೇಲು. ಅದು ಎಂಟೊಂಬತ್ತು ಹಂತಗಳಲ್ಲಿ ಮುಗಿಯುವುದರಿಂದ ಪ್ರತಿ ದಿನದ ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ. 2024ರಲ್ಲಿ ಹಳದಿ ಜೆರ್ಸಿಯಲ್ಲಿದ್ದ ನೆದರ್ಲೆಂಡ್ಸ್‌ನ ಡೆಮಿ ವೊಲ್ಲೆರಿಂಗ್ ಐದನೇ ಹಂತದಲ್ಲಿ ಬಿದ್ದು ಸಮಯ ಕಳೆದುಕೊಂಡರು, ಕೊನೆಯ ದಿನ ಆಲ್ಪ್ ದ್ಯುವೆಜ್ ಮೇಲೆ ಹಂತವನ್ನೇ ಗೆದ್ದು 10 ಸೆಕೆಂಡುಗಳ ಬೋನಸ್ಸನ್ನೂ ಪಡೆದರು. ಹಾಗಿದ್ದೂ ಪೋಲೆಂಡಿನ ಕಾಸಿಯಾ ನ್ಯೆವ್ಯಾದೋಮಾ ಒಟ್ಟು ಸಮಯದಲ್ಲಿ 4 ಸೆಕೆಂಡು ಮುಂದುಳಿದು ಟೂರ್ ಗೆದ್ದರು. ಆ ಕೊನೆಯ ಹಂತದ ಮುಖ್ಯಾಂಶಗಳನ್ನು, ಅಂತರದ ಅಂಕಿಗಳ ಮೇಲೆ ಕಣ್ಣಿಟ್ಟು, ಜುಲೈ ಬರುವ ಮೊದಲೇ ಒಮ್ಮೆ ನೋಡಿಕೊಳ್ಳಿ.