ಸೈಬರ್ ದಾಳಿಯಿಂದ ಸಂಸ್ಥೆಯನ್ನು ಕಾಪಾಡಿಕೊಳ್ಳುವುದು: ಯಾವ ಕೆಲಸ ಮೊದಲು, ಯಾವುದು ನಂತರ

2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡತೊಡಗಿದಾಗ, ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಟ್ಟು ಆಗಲೇ ಸುಮಾರು ಎರಡು ತಿಂಗಳಾಗಿತ್ತು. ಆದರೂ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅದಕ್ಕೆ ತುತ್ತಾದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳಿಗೆ ಕೊಟ್ಟಿದ್ದ ಸಾವಿರಾರು ಭೇಟಿಗಳನ್ನು ರದ್ದುಪಡಿಸಬೇಕಾಯಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಗಿ ಬಂದಾಗ, ದಾಳಿಕೋರರು ಒಳಬಂದದ್ದು ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಬಿಟ್ಟಿದ್ದ ಒಂದು ವಿಪಿಎನ್ ಖಾತೆಯಿಂದ, ಅಂದರೆ ಹೊರಗಿನಿಂದ ಸಂಸ್ಥೆಯ ನೆಟ್‌ವರ್ಕ್‌ಗೆ ಸೇರುವ ಖಾತೆಯಿಂದ. ಆ ಖಾತೆಗೆ ಪಾಸ್‌ವರ್ಡ್ ಒಂದನ್ನು ಬಿಟ್ಟರೆ ಬೇರೆ ಪರಿಶೀಲನೆ ಇರಲಿಲ್ಲ. ದೊಡ್ಡ ಹಾನಿಗಳಲ್ಲಿ ಬಹಳಷ್ಟು ಹೀಗೆ ಮೊದಲೇ ಗೊತ್ತಿರುವ ದಾರಿಗಳಿಂದಲೇ ಬರುತ್ತವೆ. ಆದ್ದರಿಂದ ಹೊಸ ಭದ್ರತಾ ಸಾಫ್ಟ್‌ವೇರ್ ಕೊಳ್ಳುವ ಮೊದಲು, ಈಗಾಗಲೇ ಇರುವುದನ್ನು ಸರಿಪಡಿಸುವ ಕೆಲಸವನ್ನು ಕ್ರಮವಾಗಿ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆರಂಭ ಒಂದು ಪಟ್ಟಿಯಿಂದ ಆಗಲಿ. ಸಂಸ್ಥೆಯಲ್ಲಿರುವ ಕಂಪ್ಯೂಟರ್, ಸರ್ವರ್, ರೂಟರ್, ಕ್ಯಾಮೆರಾ, ಕ್ಲೌಡ್ ಸೇವೆ, ಡೊಮೈನ್ ಹೆಸರು ಇವೆಲ್ಲವನ್ನೂ ಬರೆದು, ಪ್ರತಿಯೊಂದರ ಎದುರು ಅದಕ್ಕೆ ಹೊಣೆಯಾದವರ ಹೆಸರನ್ನು ನಮೂದಿಸಬೇಕು. ನೆಟ್‌ವರ್ಕನ್ನು ಸ್ಕ್ಯಾನ್ ಮಾಡಿದರೆ ಅರ್ಧ ಪಟ್ಟಿ ಸಿಗುತ್ತದೆ; ಉಳಿದರ್ಧ ಸಿಗುವುದು ಲೆಕ್ಕಪತ್ರ ವಿಭಾಗದಲ್ಲಿ. ತಂತ್ರಜ್ಞಾನ ವಿಭಾಗಕ್ಕೆ ತಿಳಿಸದೆ ಬೇರೆ ಬೇರೆ ವಿಭಾಗಗಳು ಚಂದಾ ಕಟ್ಟಿ ಬಳಸುತ್ತಿರುವ ಸೇವೆಗಳೆಲ್ಲ ಅಲ್ಲಿಯ ಬಿಲ್ಲುಗಳಲ್ಲಿ ಕಾಣುತ್ತವೆ. ಈ ಕೆಲಸ ಬೇಸರ ತರಿಸುವಂಥದ್ದು, ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಕ್ರಮವೂ ನಿಲ್ಲುವುದಿಲ್ಲ. 2017ರಲ್ಲಿ ಜನರ ಸಾಲದ ವಿವರಗಳನ್ನು ಸಂಗ್ರಹಿಸುವ ಅಮೆರಿಕದ ಎಕ್ವಿಫ್ಯಾಕ್ಸ್ ಕಂಪನಿಯಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಸಾಫ್ಟ್‌ವೇರಿನ ದೋಷವನ್ನು ಸರಿಪಡಿಸಬೇಕೆಂಬ ಸೂಚನೆ ಹೊರಟಿತ್ತು. ಆದರೆ ಆ ದೋಷವಿದ್ದ ಸರ್ವರನ್ನು ಗುರುತಿಸಲು ಆಗಲಿಲ್ಲ. ನೆಟ್‌ವರ್ಕ್‌ನಲ್ಲಿ ಹರಿಯುವ ಮಾಹಿತಿಯನ್ನು ತಪಾಸಣೆ ಮಾಡಬೇಕಿದ್ದ ಉಪಕರಣದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿದ್ದುದರಿಂದ ಮಾಹಿತಿ ಹೊರಹೋಗುತ್ತಿದ್ದುದೂ ತಿಂಗಳುಗಟ್ಟಲೆ ಕಾಣಲಿಲ್ಲ. ಸುಮಾರು 14.7 ಕೋಟಿ ಜನರ ವಿವರಗಳು ಕಳ್ಳರ ಪಾಲಾದವು. ಪಟ್ಟಿಯಲ್ಲಿ ಪ್ರಮಾಣಪತ್ರಗಳ ಅವಧಿಯೂ ಇರಬೇಕು ಎನ್ನುವುದು ಇದಕ್ಕಾಗಿಯೇ.

ಎರಡನೆಯದು ಖಾತೆಗಳು. ಕೆಲಸ ಬಿಟ್ಟವರ ಖಾತೆಯನ್ನು ಅವರು ಹೊರಡುವ ದಿನವೇ ಮುಚ್ಚಬೇಕು. ಗುತ್ತಿಗೆದಾರರ ಖಾತೆಗೆ ಕೊಡುವಾಗಲೇ ಕೊನೆಯ ದಿನಾಂಕ ಹಾಕಬೇಕು. ದಿನನಿತ್ಯದ ಕೆಲಸಕ್ಕೆ ಯಾರೂ ಅಡ್ಮಿನ್ (ಪೂರ್ಣ ಅಧಿಕಾರವಿರುವ) ಖಾತೆಯಲ್ಲಿ ಲಾಗಿನ್ ಆಗಬಾರದು. ಅಡ್ಮಿನ್‌ಗಳಿಗೆ ಇಮೇಲ್ ಓದಲು ಬೇರೆಯದೇ ಸಾಮಾನ್ಯ ಖಾತೆ ಇರಲಿ. ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂಬ ಹಳೆಯ ನಿಯಮವನ್ನು ಕೈಬಿಡುವುದು ಒಳ್ಳೆಯದು. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯೇ 2017ರಿಂದ ಅದನ್ನು ಬೇಡವೆನ್ನುತ್ತಿದೆ, ಏಕೆಂದರೆ ಹಾಗೆ ಒತ್ತಾಯಿಸಿದಾಗ ಜನ ಹಳೆಯ ಪಾಸ್‌ವರ್ಡಿನ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆ. ಅದರ ಬದಲು ಉದ್ದನೆಯ ಪಾಸ್‌ವರ್ಡ್, ಪಾಸ್‌ವರ್ಡ್ ಮ್ಯಾನೇಜರ್, ಸೋರಿಕೆಯಾದ ಸುಳಿವು ಸಿಕ್ಕಾಗ ತಕ್ಷಣದ ಬದಲಾವಣೆ ಇಷ್ಟನ್ನು ಜಾರಿಗೆ ತರಬೇಕು.

ಎರಡು ಹಂತದ ಪರಿಶೀಲನೆಯನ್ನು ಎಲ್ಲ ಕಡೆ ಒಮ್ಮೆಲೇ ತರಲು ಆಗದಿದ್ದರೆ ಇಮೇಲ್, ವಿಪಿಎನ್, ಅಡ್ಮಿನ್ ಖಾತೆಗಳು, ಬ್ಯಾಕಪ್ ವ್ಯವಸ್ಥೆ, ಬ್ಯಾಂಕ್ ವ್ಯವಹಾರ ಇವುಗಳಿಂದ ಆರಂಭಿಸಿ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದಿರುವುದಕ್ಕಿಂತ ಮೇಲು, ಆದರೆ ಅದನ್ನು ನಕಲಿ ಪುಟದಲ್ಲಿ ಬರೆಸಿಕೊಳ್ಳುವುದು ಸುಲಭ. ಫೋನಿನಲ್ಲಿ ‘ಒಪ್ಪಿಗೆ’ ಒತ್ತುವ ವಿಧಾನದಲ್ಲಿ ಬೇರೊಂದು ತೊಂದರೆಯಿದೆ: ಪಾಸ್‌ವರ್ಡ್ ಕದ್ದವರು ನಡುರಾತ್ರಿ ಒಂದರ ಮೇಲೊಂದರಂತೆ ಕೋರಿಕೆ ಕಳಿಸುತ್ತಾರೆ, ಸಾಕಾಗಿ ಹೋದ ಉದ್ಯೋಗಿ ಕೊನೆಗೊಮ್ಮೆ ಒತ್ತಿಬಿಡುತ್ತಾರೆ. ಭದ್ರತಾ ಕೀಲಿ (ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಸಾಧನ) ಅಥವಾ ಪಾಸ್‌ಕೀ (ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಅಂಥದೇ ಕೀಲಿ) ನಿಜವಾದ ಜಾಲತಾಣದ ವಿಳಾಸಕ್ಕೆ ಬೆಸೆದುಕೊಂಡಿರುವುದರಿಂದ ನಕಲಿ ಪುಟದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಕನಿಷ್ಠ ಅಡ್ಮಿನ್‌ಗಳಿಗೂ ಹಣಕಾಸು ವಿಭಾಗದವರಿಗೂ ಇದನ್ನೇ ಕೊಡಿ.

ಹಣಕಾಸು ವಿಭಾಗವನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. ಪಾವತಿ ವಂಚನೆಯಲ್ಲಿ ವೈರಸ್ಸೂ ಇರುವುದಿಲ್ಲ, ಲಗತ್ತೂ ಇರುವುದಿಲ್ಲ. ದಾಳಿಕೋರ ಪೂರೈಕೆದಾರರ ಇಮೇಲ್ ಪೆಟ್ಟಿಗೆಯೊಳಗೆ ಹೊಕ್ಕು, ವಾರಗಳ ಕಾಲ ಪತ್ರವ್ಯವಹಾರವನ್ನು ಓದಿ, ನಿಜವಾದ ಬಿಲ್ಲಿನ ಸಂಖ್ಯೆ, ಮೊತ್ತ, ಬರೆಯುವವರ ಧಾಟಿ ಎಲ್ಲವನ್ನೂ ತಿಳಿದುಕೊಂಡು, ಪಾವತಿಯ ಹಿಂದಿನ ದಿನ ಅದೇ ಸಂಭಾಷಣೆಯ ಕೆಳಗೆ ‘ಆಡಿಟ್ ನಡೆಯುತ್ತಿರುವುದರಿಂದ ಈ ಬಾರಿಯ ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಎರಡು ಸಾಲು ಬರೆಯುತ್ತಾನೆ. ಎಷ್ಟು ಎಚ್ಚರದಿಂದ ಓದಿದರೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಹಾಗಾಗಿ ಸಿಬ್ಬಂದಿಯ ಎಚ್ಚರವನ್ನು ನಂಬಿ ಕೂರದೆ ನಿಯಮ ಮಾಡಬೇಕು: ಬ್ಯಾಂಕ್ ಖಾತೆ ಬದಲಾಯಿತೆಂದು ಯಾರೇ ಬರೆದರೂ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ಹಳೆಯ ಒಪ್ಪಂದದಲ್ಲಿರುವ ಸಂಖ್ಯೆಗೆ ಕರೆಮಾಡಿ ದೃಢಪಡಿಸಿಕೊಳ್ಳಬೇಕು ಮತ್ತು ಎರಡನೆಯವರ ಒಪ್ಪಿಗೆ ಇಲ್ಲದೆ ಬದಲಾವಣೆ ಆಗಬಾರದು. ಈ ನಿಯಮ ಸಂಸ್ಥೆಯ ಮುಖ್ಯಸ್ಥರ ಪತ್ರಕ್ಕೂ ಅನ್ವಯಿಸಬೇಕು. ನಿಮ್ಮ ಡೊಮೈನ್ ಹೆಸರಿನಲ್ಲಿ ಇತರರು ಪತ್ರ ಕಳಿಸದಂತೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಹೊಂದಿಸುವುದೂ ಅಗತ್ಯ, ಆದರೆ ಮೇಲಿನಂಥ ಪತ್ರವನ್ನು ಅವು ತಡೆಯಲಾರವು.

ಪ್ಯಾಚ್ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಇಂಟರ್ನೆಟ್‌ಗೆ ತೆರೆದುಕೊಂಡಿರುವ ಫೈರ್‌ವಾಲ್, ವಿಪಿಎನ್, ಇಮೇಲ್ ಸರ್ವರ್‌ಗಳು ಮೊದಲು. ಅದರಲ್ಲೂ ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳು ಎಲ್ಲಕ್ಕಿಂತ ಮೊದಲು. ಅಂಥ ದೋಷಗಳ ಪಟ್ಟಿಯನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಉಚಿತವಾಗಿ ಪ್ರಕಟಿಸುತ್ತದೆ. ಪ್ಯಾಚ್ ಸಿಗದ ಹಳೆಯ ಯಂತ್ರವನ್ನು ಉಳಿಸಿಕೊಳ್ಳಲೇಬೇಕಿದ್ದರೆ ಅದನ್ನು ಬೇರೆ ನೆಟ್‌ವರ್ಕ್ ಭಾಗದಲ್ಲಿಡಿ.

ಬ್ಯಾಕಪ್ ಬಗ್ಗೆ ಮಾತ್ರ ನಿಧಾನವಾಗಿ ಯೋಚಿಸಬೇಕು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿಯಾದಾಗ ಹಡಗು ಸಾಗಣೆಯ ಮಾರ್ಸ್ಕ್ ಕಂಪನಿಯ ಡೊಮೈನ್ ಕಂಟ್ರೋಲರ್‌ಗಳು (ಯಾರು ಲಾಗಿನ್ ಆಗಬಹುದೆಂದು ನಿರ್ಧರಿಸುವ ಸರ್ವರ್‌ಗಳು) ಒಂದನ್ನೊಂದು ನಕಲು ಮಾಡಿಕೊಳ್ಳುವಂತೆ ಇದ್ದವು. ಹಾಗಿದ್ದರೆ ಬೇರೆ ಬ್ಯಾಕಪ್ ಬೇಕಿಲ್ಲವೆಂದು ತೋರುವುದು ಸಹಜ, ಆದರೆ ಅವೆಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದಲ್ಲಿ ವಿದ್ಯುತ್ ಕಡಿತದಿಂದ ಆಗ ಆಫ್ ಆಗಿದ್ದ ಒಂದೇ ಒಂದು. ಕಂಪನಿ ಸುಮಾರು 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ಮೂರು ಪ್ರತಿಗಳು, ಎರಡು ಬಗೆಯ ಶೇಖರಣಾ ಮಾಧ್ಯಮಗಳು, ಒಂದು ಬೇರೆ ಸ್ಥಳದಲ್ಲಿ ಎಂಬ ನಿಯಮಕ್ಕೆ ಇಂದು ಇನ್ನೊಂದನ್ನು ಸೇರಿಸಬೇಕು: ಒಂದು ಪ್ರತಿಯನ್ನು ನೆಟ್‌ವರ್ಕ್‌ನಿಂದ ಬಿಡಿಸಿಡಬೇಕು ಅಥವಾ ಅಡ್ಮಿನ್ ಕೂಡ ಅಳಿಸಲಾಗದಂತೆ ಇಡಬೇಕು. ರ‍್ಯಾನ್ಸಮ್‌ವೇರ್ ತಂಡಗಳು ಕಡತಗಳಿಗೆ ಬೀಗ ಹಾಕುವ ಮೊದಲು ಬ್ಯಾಕಪ್ಪನ್ನು ಹುಡುಕಿ ಅಳಿಸಲು ಯತ್ನಿಸುತ್ತವೆ.

ಬ್ಯಾಕಪ್ ಇದೆ ಎಂಬುದಕ್ಕೆ ಪುರಾವೆ ‘ಯಶಸ್ವಿ’ ಎಂಬ ಹಸಿರು ಗುರುತಲ್ಲ, ಮರಳಿ ಎದ್ದುನಿಂತ ಸರ್ವರ್. ಮೂರು ತಿಂಗಳಿಗೊಮ್ಮೆ ಒಂದು ಮುಖ್ಯ ವ್ಯವಸ್ಥೆಯನ್ನು ಆರಿಸಿ, ಅದನ್ನು ಕಟ್ಟಿದವರಿಗಲ್ಲ, ಬೇರೊಬ್ಬರಿಗೆ ಖಾಲಿ ಯಂತ್ರ ಮತ್ತು ಲಿಖಿತ ಸೂಚನೆಯನ್ನಷ್ಟೇ ಕೊಟ್ಟು ಸಮಯ ಅಳೆಯಿರಿ. ಎಡವುವುದು ಸಣ್ಣ ಸಂಗತಿಗಳಲ್ಲಿ: ಬ್ಯಾಕಪ್ ತೆರೆಯುವ ಕೀಲಿ ಅದೇ ಬ್ಯಾಕಪ್ಪಿನೊಳಗೆ ಉಳಿದಿರುತ್ತದೆ, ಡೇಟಾಬೇಸ್ ಎದ್ದರೂ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಇಲ್ಲದೆ ಯಾವುದೂ ಅದನ್ನು ತಲುಪುವುದಿಲ್ಲ, ಸೂಚನೆಯಲ್ಲಿ ಬರೆದ ಪಾಸ್‌ವರ್ಡ್ ಹಳೆಯದಾಗಿರುತ್ತದೆ. ಎಡವಿದ ಪ್ರತಿ ಕಡೆಯನ್ನೂ ಸೂಚನೆಯಲ್ಲಿ ತಿದ್ದಿ ಬರೆಯಿರಿ.

ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಗಳಾದ ಲಾಗ್‌ಗಳನ್ನು ಬೇರೆ ಸರ್ವರ್‌ಗೆ ಕಳಿಸಿ, ಕನಿಷ್ಠ ಕೆಲವು ತಿಂಗಳು ಉಳಿಸಿಕೊಳ್ಳಿ. ರಾತ್ರಿ ಮತ್ತು ರಜಾದಿನಗಳ ಎಚ್ಚರಿಕೆಗೆ ಯಾರು ಉತ್ತರಿಸುತ್ತಾರೆ ಎಂಬುದನ್ನು ಹೆಸರು ಸಮೇತ ನಿಗದಿಪಡಿಸಿ. ದಾಳಿಕೋರರು ಆರಿಸಿಕೊಳ್ಳುವುದೂ ಅದೇ ಹೊತ್ತನ್ನು.

ದಾಳಿ ನಡೆದುದು ಖಚಿತವಾದಾಗ ಸೋಂಕಿದ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಆದರೆ ಅವಸರದಲ್ಲಿ ಆಫ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಹಾಗೆ ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷ್ಯ ಅಳಿದುಹೋಗುತ್ತದೆ. ಸಂಪರ್ಕ ಸಂಖ್ಯೆಗಳು ಕಾಗದದಲ್ಲಿರಲಿ, ಮಾತುಕತೆ ಸಂಸ್ಥೆಯ ಇಮೇಲ್‌ನಲ್ಲಿ ನಡೆಯದಿರಲಿ, ಏಕೆಂದರೆ ದಾಳಿಕೋರರು ಅದನ್ನು ಓದುತ್ತಿರಬಹುದು. ಹಣ ಕೊಟ್ಟರೆ ಮುಗಿಯಿತೆಂದು ಭಾವಿಸಬಾರದು: ಕಲೋನಿಯಲ್ 75 ಬಿಟ್‌ಕಾಯಿನ್ ಕೊಟ್ಟು ಪಡೆದ, ಕಡತಗಳ ಬೀಗ ಬಿಡಿಸುವ ಸಾಧನ ತೀರಾ ನಿಧಾನವಾಗಿದ್ದುದರಿಂದ ತನ್ನ ಬ್ಯಾಕಪ್‌ಗಳನ್ನೂ ಬಳಸಬೇಕಾಯಿತೆಂದು ಆಗ ವರದಿಯಾಗಿತ್ತು. ವ್ಯವಸ್ಥೆಯನ್ನು ಮರಳಿ ಜೋಡಿಸುವ ಮೊದಲು ದಾಳಿಕೋರರು ಬಂದ ದಾರಿಯನ್ನು ಪತ್ತೆಹಚ್ಚಿ ಮುಚ್ಚಿ, ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಿ. ವಿಂಡೋಸ್ ನೆಟ್‌ವರ್ಕ್‌ನ ಖಾತೆಗಳನ್ನು ನಿರ್ವಹಿಸುವ ಆ್ಯಕ್ಟಿವ್ ಡೈರೆಕ್ಟರಿ ಇದ್ದರೆ, ಲಾಗಿನ್ ಟಿಕೆಟ್‌ಗಳಿಗೆ ಸಹಿ ಹಾಕುವ ಅದರ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡನ್ನು ನಡುವೆ ಅಂತರ ಕೊಟ್ಟು ಎರಡು ಬಾರಿ ಬದಲಿಸಬೇಕು. ಅದು ಹಿಂದಿನ ಪಾಸ್‌ವರ್ಡನ್ನೂ ನೆನಪಿಟ್ಟುಕೊಳ್ಳುವುದರಿಂದ, ಒಮ್ಮೆ ಮಾತ್ರ ಬದಲಿಸಿದರೆ ದಾಳಿಕೋರರು ಮಾಡಿಟ್ಟುಕೊಂಡ ಕಳ್ಳ ಟಿಕೆಟ್ ಆಮೇಲೂ ನಡೆಯುತ್ತದೆ.